ಸಕ್ಕರೆ ಲ್ಯಾಬಿನಲ್ಲಿದ್ದ ಕಾದಂಬರಿಕಾರ

ಜಾನ್ ಸ್ಟೈನ್‌ಬೆಕ್ ಹೆಸರು ಮಾಡುವ ಮೊದಲು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ದುಡಿದಿದ್ದ. ನಾನು ಮುಧೋಳ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬ್ ಕೆಮಿಸ್ಟ್. ಅಮೆರಿಕದ ಅಷ್ಟೊಂದು ಕಾದಂಬರಿಕಾರರಲ್ಲಿ ಇವನೊಬ್ಬನನ್ನೇ ಬಿಡದೆ ಹಿಡಿದುಕೊಂಡು ಓದಲು ಶುರು ಮಾಡಿದ್ದಕ್ಕೆ ಮೊದಲ ಕಾರಣ ಇದೇ. ಓದುತ್ತ ಹೋದ ಹಾಗೆ ಬೇರೆ ಕಾರಣಗಳೂ ಸಿಕ್ಕವು.

ಅವನು ಹುಟ್ಟಿದ್ದು 1902ರ ಫೆಬ್ರವರಿ 27ರಂದು, ಕ್ಯಾಲಿಫೋರ್ನಿಯಾದ ಸಲೀನಾಸ್ ಎಂಬ ಊರಲ್ಲಿ. ಊರ ಸುತ್ತ ಬರೀ ಹೊಲ. ಲೆಟ್ಯೂಸ್ ಸೊಪ್ಪು ಮತ್ತು ಸಕ್ಕರೆ ಬೀಟ್ ಅಲ್ಲಿನ ದೊಡ್ಡ ಬೆಳೆಗಳು. ಅಲ್ಲಿ ಸಕ್ಕರೆ ತೆಗೆಯುವುದು ಕಬ್ಬಿನಿಂದಲ್ಲ, ಈ ಬೀಟ್ ಗಡ್ಡೆಯಿಂದ. ಕ್ಲಾಸ್ ಸ್ಪ್ರೆಕೆಲ್ಸ್ ಎಂಬ ಸಕ್ಕರೆ ಧಣಿ 1899ರಲ್ಲಿ ಸಲೀನಾಸ್ ಪಕ್ಕದಲ್ಲೇ ಒಂದು ಕಾರ್ಖಾನೆ ಶುರು ಮಾಡಿದ. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಬೀಟ್ ಸಕ್ಕರೆ ಕಾರ್ಖಾನೆ ಅದು. ಕಾರ್ಖಾನೆಯ ಸುತ್ತ ಬೆಳೆದ ಊರಿಗೂ ಸ್ಪ್ರೆಕೆಲ್ಸ್ ಅಂತಲೇ ಹೆಸರು. ಕಂಪನಿಗೆ ಸೇರಿದ ದೊಡ್ಡ ದೊಡ್ಡ ಹೊಲಗಳೂ ಇದ್ದವು. ಸ್ಟೈನ್‌ಬೆಕ್ ಹುಡುಗನಾಗಿದ್ದಾಗ ರಜೆಯಲ್ಲಿ ಆ ಹೊಲಗಳಲ್ಲೇ ಕೂಲಿ ಮಾಡಿದ. ಜೊತೆಗೆ ಇದ್ದವರು ಮೆಕ್ಸಿಕೋದವರು, ಫಿಲಿಪ್ಪೀನ್ಸ್‌ನವರು, ಊರಿಂದ ಊರಿಗೆ ಗಂಟು ಹೊತ್ತು ತಿರುಗುವ ಬಿಳಿಯರು.

ಮನೆ ಅಂಥ ಬಡವರದೇನಲ್ಲ. ತಾಯಿ ಮದುವೆಗೆ ಮೊದಲು ಶಾಲೆ ಮಾಸ್ತರಳಾಗಿದ್ದಳು. ತಂದೆಯ ವ್ಯಾಪಾರ ಒಮ್ಮೆ ಮುಳುಗಿತು, ಆಮೇಲೆ ಕೌಂಟಿಯ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಖಜಾಂಚಿಯಾಗಿ ನೆಲೆ ಕಂಡ. ಖಜಾಂಚಿ ಮನೆ ಅಂದಮೇಲೆ ಲೆಡ್ಜರ್ ಪುಸ್ತಕಗಳಿಗೆ ಬರವಿಲ್ಲ. ತಂದೆಯ ಹಳೇ ಲೆಡ್ಜರ್‌ಗಳಲ್ಲೇ ಮಗ ಕಥೆ ಬರೆದ. ಅಕ್ಷರ ತೀರಾ ಸಣ್ಣದು.

1919ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ. ಒಂದಷ್ಟು ದಿನ ಕಾಲೇಜು, ಒಂದಷ್ಟು ದಿನ ಕೆಲಸ. 1925ರಲ್ಲಿ ಡಿಗ್ರಿ ಇಲ್ಲದೆ ಹೊರಬಂದ. ಈ ನಡುವೆ ಕಾಲೇಜು ಬಿಟ್ಟಿದ್ದ ದಿನಗಳಲ್ಲಿ ಮಾಡಿದ್ದೇ ಸ್ಪ್ರೆಕೆಲ್ಸ್ ಲ್ಯಾಬಿನ ಕೆಲಸ.

ಲ್ಯಾಬಿನ ಕೆಲಸ ಅಂದರೆ ಏನು ಅಂತ ಹೇಳಬೇಕು, ಯಾಕಂದ್ರೆ ಅವನ ಬರವಣಿಗೆ ಓದುವಾಗ ನನಗೆ ಅದು ಮತ್ತೆ ಮತ್ತೆ ಕಾಣಿಸುತ್ತದೆ. ನಮ್ಮಲ್ಲಿ ಮಿಲ್ಲಿನಿಂದ ರಸ ಬರುತ್ತದೆ. ಅದನ್ನು ಉದ್ದ ಸಿಲಿಂಡರಿಗೆ ಸುರಿದು, ಹೈಡ್ರೋಮೀಟರ್ ಬಿಟ್ಟು ಬ್ರಿಕ್ಸ್ ನೋಡುತ್ತೇವೆ. ರಸದಲ್ಲಿ ಕರಗಿದ್ದು ಒಟ್ಟು ಎಷ್ಟು ಅನ್ನುವುದು ಬ್ರಿಕ್ಸ್. ಅದರಲ್ಲಿ ನಿಜವಾದ ಸಕ್ಕರೆ ಎಷ್ಟು ಅನ್ನುವುದು ಪೋಲ್. ಅದಕ್ಕೆ ರಸಕ್ಕೆ ಸೀಸದ ಪುಡಿ ಹಾಕಿ ಕಲಕಿ, ಕಾಗದದಲ್ಲಿ ಸೋಸಿ, ತಿಳಿಯಾದ ನೀರನ್ನು ಗಾಜಿನ ಕೊಳವೆಗೆ ತುಂಬಿ ಪೋಲಾರಿಮೀಟರಿನಲ್ಲಿಡುತ್ತೇವೆ. ಸಕ್ಕರೆ ಬೆಳಕನ್ನು ಒಂದು ಕಡೆಗೆ ತಿರುಗಿಸುತ್ತದೆ. ಎಷ್ಟು ತಿರುಗಿತೋ ಅಷ್ಟು ಸಕ್ಕರೆ. ಬೀಟ್ ಆದರೇನು, ಕಬ್ಬು ಆದರೇನು, ಎರಡರಲ್ಲಿರುವ ಸಕ್ಕರೆ ಒಂದೇ. ಬೀಟನ್ನು ಸಣ್ಣಗೆ ಹೆಚ್ಚಿ ಬಿಸಿನೀರಲ್ಲಿ ರಸ ಇಳಿಸುತ್ತಾರೆ, ನಾವು ಕಬ್ಬನ್ನು ರೋಲರಿನಲ್ಲಿ ಹಿಂಡುತ್ತೇವೆ. ಸುಣ್ಣ ಹಾಕಿ ತಿಳಿ ಮಾಡುವುದರಿಂದ ಹಿಡಿದು ಪೋಲ್ ನೋಡುವವರೆಗೆ ಬಹಳಷ್ಟು ಕೆಲಸ ಅಲ್ಲೂ ಇಲ್ಲೂ ಒಂದೇ ಥರ. ಹಂಗಾಮು ಶುರುವಾದರೆ ಹಗಲು ರಾತ್ರಿ ಇಲ್ಲ. ಪ್ರತಿ ಗಂಟೆಗೂ ಸ್ಯಾಂಪಲ್. ನಿಮಗೆ ಏನು ಬೇಕು ಅನ್ನುವುದನ್ನು ಬರೆಯುವಂತಿಲ್ಲ, ಮುಳ್ಳು ಏನು ತೋರಿಸುತ್ತದೋ ಅದನ್ನೇ ಬರೆಯಬೇಕು.

ಸ್ಟೈನ್‌ಬೆಕ್ ತನ್ನ ಒಳ್ಳೆಯ ಪುಸ್ತಕಗಳಲ್ಲಿ ಹಾಗೇ ಬರೆದಿದ್ದಾನೆ ಅನ್ನುವುದು ನನ್ನ ನಂಬಿಕೆ. ಅವನ ಸಿಟ್ಟಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಅವನ ಲೆಕ್ಕ ಮುಖ್ಯ.

ಮೊದಲ ಕಾದಂಬರಿ 1929ರಲ್ಲಿ ಬಂತು, ಕಡಲ್ಗಳ್ಳನ ಕಥೆ. ಅದು ಯಾರ ಗಮನಕ್ಕೂ ಬೀಳಲಿಲ್ಲ, ಅದರಲ್ಲಿ ಅವನ ಊರೂ ಇಲ್ಲ. 1935ರ 'ಟೋರ್ಟಿಲಾ ಫ್ಲಾಟ್' ಬಂದಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. 1937ರಲ್ಲಿ 'ಆಫ್ ಮೈಸ್ ಆ್ಯಂಡ್ ಮೆನ್'. ಹೊಲದಿಂದ ಹೊಲಕ್ಕೆ ತಿರುಗುವ ಇಬ್ಬರು ಕೂಲಿಗಳು, ಸ್ವಂತದ್ದೊಂದು ತುಂಡು ಭೂಮಿ ಬೇಕು ಅನ್ನುವ ಆಸೆ, ಅಷ್ಟೇ ಕಥೆ. ಅದರ ಕರಡಿನ ಅರ್ಧದಷ್ಟನ್ನು ಅವನ ನಾಯಿ ಟೋಬಿ ಹರಿದು ಹಾಕಿತ್ತು. ಅವನು ನಾಯಿಗೆ ಜಾಸ್ತಿ ಹೊಡೆಯಲಿಲ್ಲ, ಸುಮ್ನೆ ಕೂತು ಮತ್ತೆ ಬರೆದ. ಅದರಲ್ಲಿ ಬರುವ ಲೆನ್ನಿ ಎಂಬ ದೈತ್ಯ ದೇಹದ ಹುಡುಗ ತಾನು ಜೊತೆಯಲ್ಲಿ ಕೆಲಸ ಮಾಡಿದ ನಿಜವಾದ ಮನುಷ್ಯ ಅಂತ ಪತ್ರಿಕೆಯವರಿಗೆ ಹೇಳಿದ್ದ. ಈ ಪುಸ್ತಕ ತೆಳ್ಳಗಿದೆ. ಒಂದು ರಾತ್ರಿ ಶಿಫ್ಟಿನಲ್ಲಿ ಸ್ಯಾಂಪಲ್‌ಗಳ ನಡುವೆ ಓದಿ ಮುಗಿಸಬಹುದು. ನಾನು ಹಾಗೇ ಓದಿದ್ದು.

ನಾನು ಹೇಳಬೇಕಾಗಿರುವುದು ಮಾತ್ರ 1936ರಿಂದ 1939ರವರೆಗಿನ ಕಥೆ.

ಆ ಹೊತ್ತಿಗೆ ಅಮೆರಿಕದ ನಡುಭಾಗದಲ್ಲಿ ಮಳೆ ಕೈಕೊಟ್ಟು ಹಲವು ವರ್ಷವಾಗಿತ್ತು. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬಿತ್ತಿದ್ದರು. ಮಣ್ಣು ಹಿಡಿಯುವ ಬೇರೇ ಇರಲಿಲ್ಲ. ಬರ ಬಿದ್ದಾಗ ಗಾಳಿ ಮಣ್ಣನ್ನು ಎತ್ತಿಕೊಂಡು ಹೋಯಿತು. ಜೊತೆಗೆ ಆರ್ಥಿಕ ಕುಸಿತ, ಸಾಲ, ಟ್ರ್ಯಾಕ್ಟರು. ಓಕ್ಲಹೋಮಾ ಮತ್ತು ಸುತ್ತಲಿನ ರಾಜ್ಯಗಳ ಗೇಣಿದಾರರು ಹಳೇ ಮೋಟಾರುಗಳಿಗೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ರೂಟ್ 66 ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಬಂದರು. ಅಲ್ಲಿ ಹತ್ತಿ ಬಿಡಿಸುವುದು, ಹಣ್ಣು ಕೀಳುವುದು, ಬಟಾಣಿ ಕೀಳುವುದು. ಕೆಲಸಕ್ಕಿಂತ ಕೈಗಳು ಜಾಸ್ತಿ. ಹಾಗಾಗಿ ಕೂಲಿ ಇಳಿಯುತ್ತಲೇ ಹೋಯಿತು.

'ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್' ಪತ್ರಿಕೆ ಇವರ ಬಗ್ಗೆ ಬರೆಯಲು ಸ್ಟೈನ್‌ಬೆಕ್‌ನನ್ನು ಕಳಿಸಿತು. ಅವನು ಒಂದು ಹಳೇ ಬೇಕರಿ ಟ್ರಕ್ಕು ತಗೊಂಡು ಹೊರಟ. ಆರ್ವಿನ್ ಎಂಬಲ್ಲಿ ಸರ್ಕಾರ ವಲಸೆ ಕೂಲಿಗಳಿಗಾಗಿ ಒಂದು ಶಿಬಿರ ನಡೆಸುತ್ತಿತ್ತು. ಅದರ ಮ್ಯಾನೇಜರ್ ಟಾಮ್ ಕಾಲಿನ್ಸ್. ಶಿಬಿರದವರ ಊಟ, ಕಾಯಿಲೆ, ಜಗಳ, ಹಾಡು, ಮಾತಿನ ಧಾಟಿ, ಎಲ್ಲವನ್ನೂ ವರದಿ ಬರೆದಿಡುವ ಮನುಷ್ಯ ಅವನು. ಆ ವರದಿಗಳು ಸ್ಟೈನ್‌ಬೆಕ್ ಕೈಗೆ ಬಂದವು. 1936ರ ಅಕ್ಟೋಬರಿನಲ್ಲಿ ಏಳು ಲೇಖನ ಪ್ರಕಟವಾದವು, 'ದಿ ಹಾರ್ವೆಸ್ಟ್ ಜಿಪ್ಸೀಸ್' ಎಂಬ ಹೆಸರಲ್ಲಿ.

ಆ ಲೇಖನಗಳನ್ನು ಓದಿದರೆ ನಾನು ಹೇಳುವ ಲೆಕ್ಕ ಏನು ಅಂತ ಗೊತ್ತಾಗುತ್ತದೆ. ಒಂದು ಗುಡಿಸಲು ಹತ್ತು ಅಡಿಗೆ ಹತ್ತು ಅಡಿ, ಪೂರ್ತಿ ರಟ್ಟಿನ ಕಾಗದದ್ದು. ನೆಲ ಗುಡಿಸಿ ಚೊಕ್ಕ ಇಟ್ಟಿದ್ದಾರೆ. ಮೊದಲ ಮಳೆಗೆ ಗೋಡೆ ಕರಗಿ ಮುದ್ದೆಯಾಗುತ್ತದೆ. ಇನ್ನೊಂದು ಹರಕು ಡೇರೆ. ಮೂರನೆಯದು ನೆಲಕ್ಕೆ ರೆಂಬೆ ನೆಟ್ಟು, ಕಳೆ, ತಗಡು, ಹಳೇ ಕಾಗದ ಹೆಣೆದದ್ದು. ಅಲ್ಲಿ ಮೂರು ವರ್ಷದ ಮಗುವಿನ ಸೊಂಟಕ್ಕೆ ಗೋಣಿಚೀಲ ಸುತ್ತಿದೆ, ಹೊಟ್ಟೆ ಉಬ್ಬಿದೆ. ಆಮೇಲೆ ಊಟದ ಪಟ್ಟಿ. ಕೆಲಸ ಇರುವಾಗ ಏಳು ಜನರ ಒಂದು ಕುಟುಂಬ ತಿನ್ನುವುದು ಬೀನ್ಸು, ಬಿಸ್ಕೆಟ್ ರೊಟ್ಟಿ, ಜಾಮು, ಕಾಫಿ. ಕೆಲಸ ಇಲ್ಲದಾಗ ಎಂಟು ಜನರ ಇನ್ನೊಂದು ಕುಟುಂಬಕ್ಕೆ ದಾರಿ ಬದಿಯ ದಂಡೇಲಿಯನ್ ಸೊಪ್ಪು, ಬೇಯಿಸಿದ ಆಲೂಗಡ್ಡೆ. ಅಷ್ಟೇ ಬರೆದಿದ್ದಾನೆ. ಅಯ್ಯೋ ಪಾಪ ಅನ್ನುವ ಒಂದು ಮಾತೂ ಅದರ ಪಕ್ಕದಲ್ಲಿಲ್ಲ.

ನಾನು ಅದನ್ನು ಓದಿದ ಮೇಲೆ ನಮ್ಮ ಕಾರ್ಖಾನೆಯ ಹಿಂದಿನ ಬಯಲು ನನಗೆ ಬೇರೆಯಾಗಿ ಕಂಡಿತು. ಹಂಗಾಮು ಶುರುವಾಗುವ ಹೊತ್ತಿಗೆ ಅಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯವರು ಕೆಲವರು, ವಿಜಯಪುರ ಜಿಲ್ಲೆಯ ತಾಂಡಾಗಳವರು ಕೆಲವರು. ಬಿದಿರು ಬಾಗಿಸಿ, ಮೇಲೆ ತಾಡಪತ್ರಿ ಹೊದಿಸಿ, ಸಂದಿಗೆ ಕಬ್ಬಿನ ಒಣಗರಿ, ಅಂದರೆ ರವದಿ, ತುರುಕಿದ ಗುಡಿಸಲುಗಳು. ಮಳೆಗಾಲದಲ್ಲೇ ಮುಕಾದಮ್, ಅಂದರೆ ಗ್ಯಾಂಗ್ ಕರೆತರುವ ಮೇಸ್ತ್ರಿ, ಇವರಿಗೆ ಮುಂಗಡ ಕೊಟ್ಟಿರುತ್ತಾನೆ. ಆ ಹಣ ತೀರುವವರೆಗೆ ಟನ್ನಿನ ಲೆಕ್ಕದಲ್ಲಿ ಕಡಿಯಬೇಕು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ಕೊಯ್ತಾ. ಕೊಯ್ತಾ ಅಂದರೆ ಕುಡಗೋಲು. ಇಬ್ಬರು ಮನುಷ್ಯರು, ಒಂದು ಕುಡಗೋಲು ಅಂತ ಎಣಿಕೆ.

ನಮ್ಮ ಭಾಗದಲ್ಲಿ ಕಬ್ಬಿನ ಬಗ್ಗೆ ಮಾತಾಡದ ಮನೆಯೇ ಇಲ್ಲ. ಟನ್ನಿಗೆ ಎಷ್ಟು ದರ, ರಿಕವರಿ (ಕಬ್ಬಿನಿಂದ ಬಂದ ಸಕ್ಕರೆಯ ಪ್ರಮಾಣ) ಎಷ್ಟು ತೋರಿಸಿದರು, ತೂಕದಲ್ಲಿ ಹೊಡೆದರಾ, ಬಿಲ್ ಯಾವಾಗ. ಅವೆಲ್ಲ ಬೇಕಾದ ಮಾತೇ. ರೈತರ ಹೊಟ್ಟೆಪಾಡು ಅದು, ನಮ್ಮ ಮನೆಯಲ್ಲೂ ಕಬ್ಬಿದೆ. ಆದರೆ ಕಡಿಯುವವರ ಮಾತು ಬರುವುದು ಗ್ಯಾಂಗ್ ಬಂದಿಲ್ಲ ಅನ್ನುವಾಗ ಮಾತ್ರ. ಸ್ಟೈನ್‌ಬೆಕ್‌ನ ಊರಲ್ಲೂ ಹಾಗೇ ಇತ್ತು. ಲೆಟ್ಯೂಸಿನ ಬೆಲೆ ಎಲ್ಲರಿಗೂ ಗೊತ್ತಿತ್ತು.

ಒಂದು ಸಂಜೆ ಶಿಫ್ಟ್ ಮುಗಿಸಿ ಆ ಕಡೆಯಿಂದ ಬರುವಾಗ ನಾನು ಒಂದು ಗುಡಿಸಲಿನ ಮುಂದೆ ನಿಂತೆ. ಗಂಡ ಕುಡಗೋಲು ಮಸೆಯುತ್ತಿದ್ದ. ಹೆಂಡತಿ ಮೂರು ಕಲ್ಲಿನ ಒಲೆಗೆ ರವದಿ ಹಾಕುತ್ತಿದ್ದಳು. ಅದು ಭುಗ್ ಅಂತ ಹತ್ತಿ ಕೂಡಲೇ ಆರುತ್ತದೆ, ಹಾಗಾಗಿ ಒಂದೇ ಸಮನೆ ಹಾಕುತ್ತಲೇ ಇರಬೇಕು. ಏನು ಅಡಿಗೆ ಅಂತ ಕೇಳಿದೆ.

'ಈಗ ಚಾ ಅಷ್ಟ ರೀ ಸಾಹೇಬ್ರ,' ಅಂದಳು. 'ನಸುಕಿನ್ಯಾಗ ಮೂರಕ್ಕ ಎದ್ದು ರೊಟ್ಟಿ ಬಡೀತೀವಿ. ಎರಡೂ ಹೊತ್ತಿಂದು ಒಮ್ಮೆ. ಬರೂಮುಂದ ಶೇಂಗಾ ಹಿಂಡಿ ಕುಟ್ಟಿ ತಂದಿದ್ದೆ, ಮುಗೀತು. ಈಗ ಹಸಿಖಾರ, ಉಳ್ಳಾಗಡ್ಡಿ.'

'ಕಾಯಿಪಲ್ಯ?'

'ಸಂತಿ ದಿನ.'

'ಹಾಲು?'

'ಚಾದಾಗ ಹಾಕ್ತೀವಲ್ರೀ, ಅಷ್ಟ.'

ಗಂಡ ತಲೆ ಎತ್ತಿ, 'ಯಾಕ ಕೇಳಾಕತ್ತೀರಿ, ಕಾರ್ಖಾನಿಂದ ಏನರ ಕೊಡ್ತಾರೇನ್ರಿ?' ಅಂದ. ಇಲ್ಲ, ಸುಮ್ನೆ ಕೇಳಿದೆ ಅಂದೆ. ಅವನು ಮತ್ತೆ ಮಸೆಯಲು ಶುರು ಮಾಡಿದ. ಅವರ ಕೂಸು ನನ್ನ ಐಡಿ ಕಾರ್ಡಿನ ದಾರ ಹಿಡಿದು ಜಗ್ಗುತ್ತಿತ್ತು. ವಯಸ್ಸು ಎರಡು ಎರಡೂವರೆ ಇರಬೇಕು. ದೊಡ್ಡ ಮಗಳು ತಾಂಡಾದಲ್ಲೇ ಅಜ್ಜಿ ಹತ್ತಿರ ಇದ್ದಾಳೆ, ಶಾಲೆ ಬಿಡಬಾರದು ಅಂತ. ರಾತ್ರಿ ಮನೆಗೆ ಹೋಗಿ ಅಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬರೀ ಊಟ, ಹೊತ್ತು, ಒಲೆ. ಇನ್ನೇನೂ ಸೇರಿಸಲಿಲ್ಲ.

ಸ್ಟೈನ್‌ಬೆಕ್ ಕಡೆ ಬರೋಣ. 1938ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾ ಊರಿನ ಸುತ್ತ ಪ್ರವಾಹ ಬಂತು. ಸಾವಿರಾರು ಕುಟುಂಬಗಳು ನೀರಲ್ಲಿ ನಿಂತು ಉಪವಾಸ ಬಿದ್ದವು. ಅವನು ಟಾಮ್ ಕಾಲಿನ್ಸ್ ಜೊತೆ ಕೆಸರಲ್ಲಿ ಓಡಾಡಿ ಕೈಲಾದಷ್ಟು ಸಹಾಯ ಮಾಡಿದ. ವಾಪಸ್ ಬಂದವನಿಗೆ ಮೈಯೆಲ್ಲ ಸಿಟ್ಟು. ಸಲೀನಾಸಿನಲ್ಲಿ 1936ರಲ್ಲಿ ಲೆಟ್ಯೂಸ್ ಕೂಲಿಗಳ ಮುಷ್ಕರವನ್ನು ಮುರಿದಿದ್ದರು. ಹಾಗೆ ಮುರಿದ ತನ್ನೂರಿನ ದೊಡ್ಡ ಮನುಷ್ಯರನ್ನು ಗೇಲಿ ಮಾಡಿ ಒಂದು ಕಾದಂಬರಿ ಬರೆದ. ಸಾವಿರಾರು ಪದ ಆಯಿತು. ಪ್ರಕಾಶಕರು ಕಾಯುತ್ತಿದ್ದರು. ಮೇ ತಿಂಗಳಲ್ಲಿ ಅವನೇ ಅದನ್ನು ನಾಶ ಮಾಡಿದ. ಜನರನ್ನು ಅರ್ಥ ಮಾಡಿಸುವ ಪುಸ್ತಕ ಅಲ್ಲ ಇದು, ದ್ವೇಷ ಹುಟ್ಟಿಸುವ ಪುಸ್ತಕ ಅನ್ನಿಸಿತ್ತು ಅವನಿಗೆ.

ಅವನ ಇಡೀ ಜೀವನದಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸುವುದು ಈ ಕೆಲಸ. ನೊಬೆಲ್ ಅಲ್ಲ. ಸಿಟ್ಟು ನ್ಯಾಯವಾದದ್ದೇ ಇತ್ತು. ಬರೆದದ್ದು ಮಾರಾಟವೂ ಆಗುತ್ತಿತ್ತು. ಆದರೂ ಇದು ಸರಿ ಬಂದಿಲ್ಲ ಅಂತ ತೆಗೆದು ಹಾಕಿದ.

ಅದೇ ಮೇ ಕೊನೆಯಲ್ಲಿ ಹೊಸದಾಗಿ ಶುರು ಮಾಡಿದ. ಅಕ್ಟೋಬರ್ 26ಕ್ಕೆ ಮುಗಿಸಿದ. ಐದು ತಿಂಗಳಲ್ಲಿ ಸುಮಾರು ಎರಡು ಲಕ್ಷ ಪದ. ಅವನು ಕೈಯಲ್ಲಿ ಬರೆಯುತ್ತಿದ್ದ, ಹೆಂಡತಿ ಕ್ಯಾರಲ್ ಟೈಪ್ ಮಾಡಿ ತಿದ್ದುತ್ತಿದ್ದಳು. 'ದಿ ಗ್ರೇಪ್ಸ್ ಆಫ್ ರಾತ್' ಎಂಬ ಹೆಸರು ಹುಡುಕಿ ಕೊಟ್ಟಿದ್ದೂ ಅವಳೇ. ಪುಸ್ತಕವನ್ನು ಅವಳಿಗೂ ಟಾಮ್ ಕಾಲಿನ್ಸ್‌ಗೂ ಅರ್ಪಿಸಿದ್ದಾನೆ. ಬರೆಯುವಾಗ ಜೊತೆಗೊಂದು ದಿನಚರಿ ಇಟ್ಟಿದ್ದ. ಅದೂ 1989ರಲ್ಲಿ ಅಚ್ಚಾಯಿತು. ಪಕ್ಕದ ಮನೆ ಕಟ್ಟುವವರ ಸುತ್ತಿಗೆ ಸದ್ದು, ಬರುವ ಹೋಗುವ ನೆಂಟರು, ಇವತ್ತು ಎಷ್ಟಾಯಿತು, ನಾಳೆ ಎಷ್ಟಾಗಬೇಕು, ನನ್ನ ಕೈಲಿ ಇದು ಆಗುತ್ತಾ ಅನ್ನುವ ಭಯ. ಬರೆಯುವ ಆಸೆ ಇರುವವರು ಕಾದಂಬರಿಗಿಂತ ಮೊದಲು ಆ ದಿನಚರಿ ಓದಿದರೂ ತಪ್ಪಿಲ್ಲ.

ಕಾದಂಬರಿ ಜೋಡ್ ಎಂಬ ಕುಟುಂಬದ ಕಥೆ. ಓಕ್ಲಹೋಮಾದಿಂದ ಹೊರಟು, ದಾರಿಯಲ್ಲಿ ಅಜ್ಜ ಅಜ್ಜಿಯನ್ನು ಕಳಕೊಂಡು, ಕ್ಯಾಲಿಫೋರ್ನಿಯಾದಲ್ಲಿ ಒಂದೊಂದೇ ಆಸೆ ಕಳಕೊಳ್ಳುತ್ತಾರೆ. ಕೊನೆಗೆ ಪ್ರವಾಹ. ಸತ್ತ ಮಗುವನ್ನು ಹೆತ್ತ ಮಗಳು, ಒಂದು ಕೊಟ್ಟಿಗೆಯಲ್ಲಿ ಹಸಿವಿನಿಂದ ಸಾಯುತ್ತಿರುವ ಅಪರಿಚಿತನಿಗೆ ಎದೆಹಾಲು ಕೊಡುತ್ತಾಳೆ. ಈ ಕೊನೆಯನ್ನು ಬದಲಿಸು ಅಂತ ಸಂಪಾದಕ ಪಾಸ್ಕಲ್ ಕೊವಿಚಿ ಕೇಳಿದ. ಸ್ಟೈನ್‌ಬೆಕ್ ಒಪ್ಪಲಿಲ್ಲ. ನನಗೆ ಆ ಮಗಳಿಗಿಂತಲೂ ತಾಯಿ ಪಾತ್ರ ಇಷ್ಟ. ಒಂದು ಕಡೆ ಅವಳು ಪಾತ್ರೆಯಲ್ಲಿ ಸಾರು ಬೇಯಿಸುತ್ತಿರುವಾಗ ಶಿಬಿರದ ಹಸಿದ ಮಕ್ಕಳು ಸುತ್ತ ಬಂದು ನಿಲ್ಲುತ್ತಾರೆ. ಮನೆಯವರಿಗೇ ಸಾಲದು. ಅವಳು ಮನೆಯವರಿಗೆ ಬಡಿಸಿ, ತಳದಲ್ಲಿ ಉಳಿದದ್ದನ್ನು ಆ ಮಕ್ಕಳಿಗೆ ಬಿಡುತ್ತಾಳೆ. ನಮ್ಮ ಅವ್ವಂದಿರು ಇದನ್ನು ಓದಿದರೆ ಒಂದು ಸಾಲೂ ವಿವರಿಸಬೇಕಾಗಿಲ್ಲ.

1939ರ ಏಪ್ರಿಲ್ 14ರಂದು ಪುಸ್ತಕ ಹೊರಬಂತು. ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಕಾದಂಬರಿ ಅದು. 1940ರಲ್ಲಿ ಪುಲಿಟ್ಜರ್ ಬಹುಮಾನ, ಜಾನ್ ಫೋರ್ಡ್ ನಿರ್ದೇಶನದ ಸಿನಿಮಾ. ದೊಡ್ಡ ಜಮೀನುದಾರರ ಸಂಘ ಎಲ್ಲ ಸುಳ್ಳು ಅಂತ ಕೂಗಿತು. ಕರ್ನ್ ಕೌಂಟಿಯಲ್ಲಿ, ಅಂದರೆ ಆರ್ವಿನ್ ಶಿಬಿರ ಇದ್ದ ಅದೇ ಕೌಂಟಿಯಲ್ಲಿ, ಗ್ರಂಥಾಲಯ ಮತ್ತು ಶಾಲೆಗಳಿಂದ ಪುಸ್ತಕ ತೆಗೆಯಬೇಕು ಅಂತ 1939ರ ಆಗಸ್ಟಿನಲ್ಲಿ ಆದೇಶ ಮಾಡಿದರು. ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ತನ್ನ ಮೇಲಧಿಕಾರಿಗಳಿಗೇ ಪತ್ರ ಬರೆದು ಇದು ತಪ್ಪು ಅಂದಳು. ನೌಕರಿಯಲ್ಲಿ ಇದ್ದುಕೊಂಡು ಹಾಗೆ ಬರೆಯುವುದು ಸಣ್ಣ ಮಾತಲ್ಲ. 1941ರಲ್ಲಿ ನಿಷೇಧ ತೆಗೆದರು. ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ 1940ರಲ್ಲಿ ಶಿಬಿರಗಳನ್ನು ಸ್ವತಃ ನೋಡಿ ಬಂದು, ಆ ಪುಸ್ತಕದಲ್ಲಿ ಉತ್ಪ್ರೇಕ್ಷೆ ಇದೆ ಅಂತ ತನಗೆ ಯಾವತ್ತೂ ಅನ್ನಿಸಿಲ್ಲ ಅಂದಳು. ಲೆಕ್ಕ ಸರಿ ಇದ್ದರೆ ಯಾರು ಬಂದು ಮತ್ತೆ ಅಳೆದರೂ ಅದೇ ಬರುತ್ತದೆ, ಅಲ್ವಾ.

ಮುಂದಿನ ವರ್ಷಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕ್ಯಾರಲ್ ಜೊತೆ 1943ರಲ್ಲಿ ವಿಚ್ಛೇದನ. ಆಪ್ತ ಗೆಳೆಯ, ಕಡಲಜೀವಿಗಳ ವಿಜ್ಞಾನಿ ಎಡ್ ರಿಕೆಟ್ಸ್ 1948ರಲ್ಲಿ ಕಾರಿಗೆ ರೈಲು ಗುದ್ದಿ ತೀರಿಕೊಂಡ. ಆ ಪೆಟ್ಟಿನಿಂದ ಸ್ಟೈನ್‌ಬೆಕ್ ಪೂರ್ತಿ ಚೇತರಿಸಿಕೊಳ್ಳಲಿಲ್ಲ ಅನ್ನಿಸುತ್ತದೆ ನನಗೆ. 1952ರಲ್ಲಿ ಸಲೀನಾಸ್ ಕಣಿವೆಯ ದೊಡ್ಡ ಕಥೆ 'ಈಸ್ಟ್ ಆಫ್ ಈಡನ್'. 1960ರಲ್ಲಿ ಚಾರ್ಲಿ ಎಂಬ ನಾಯಿ ಕಟ್ಟಿಕೊಂಡು ಟ್ರಕ್ಕಿನಲ್ಲಿ ದೇಶ ಸುತ್ತಿದ. 1962ರಲ್ಲಿ ನೊಬೆಲ್. ನೀವು ಇದಕ್ಕೆ ಅರ್ಹರಾ ಅಂತ ಪತ್ರಕರ್ತರು ಕೇಳಿದಾಗ, ನಿಜ ಹೇಳಬೇಕೆಂದರೆ ಇಲ್ಲ ಅಂದ. 1966ರ ಕೊನೆಗೆ ವಿಯೆಟ್ನಾಂಗೆ ಹೋಗಿ ಯುದ್ಧದ ಪರವಾಗಿ ಬರೆದ. ಹೆಲಿಕಾಪ್ಟರ್ ಓಡಿಸುವವರ ಕೈಚಳಕವನ್ನು ಹೊಗಳಿದ. ಅವನ ಓದುಗರಲ್ಲಿ ಎಷ್ಟೋ ಜನರಿಗೆ ಅದು ನೋವಾಯಿತು. ನನಗೂ ಅದನ್ನು ಓದುವುದು ಕಷ್ಟ. ರಟ್ಟಿನ ಗುಡಿಸಲೊಳಗೆ ಬಗ್ಗಿ ನೋಡಿದ್ದ ಮನುಷ್ಯ ಅಲ್ಲಿನ ರೈತರ ಗುಡಿಸಲನ್ನು ಮೇಲಿನಿಂದ ನೋಡಿದ. ತೀರಿಕೊಂಡಿದ್ದು 1968ರ ಡಿಸೆಂಬರ್ 20ರಂದು, ನ್ಯೂಯಾರ್ಕಿನಲ್ಲಿ. ಬೂದಿ ಸಲೀನಾಸಿಗೆ ಬಂತು.

ಇನ್ನೊಬ್ಬರ ಹೆಸರು ಹೇಳದೆ ಇದನ್ನು ಮುಗಿಸಲಾರೆ. ಸನೋರಾ ಬಾಬ್. ಓಕ್ಲಹೋಮಾದಲ್ಲೇ 1907ರಲ್ಲಿ ಹುಟ್ಟಿದವಳು. 1938ರಲ್ಲಿ ಇದೇ ಟಾಮ್ ಕಾಲಿನ್ಸ್ ಜೊತೆ ವಲಸೆ ಶಿಬಿರಗಳಲ್ಲಿ ಕೆಲಸ ಮಾಡಿದಳು. ಜನರ ಜೊತೆ ಕೂತು ದಿನವೂ ಟಿಪ್ಪಣಿ ಬರೆದಳು. ಕಾಲಿನ್ಸ್ ಕೇಳಿದ ಅಂತ ಆ ಟಿಪ್ಪಣಿಗಳು ಸ್ಟೈನ್‌ಬೆಕ್‌ಗೂ ಹೋದವು. ಅವಳೂ ಒಂದು ಕಾದಂಬರಿ ಬರೆಯುತ್ತಿದ್ದಳು. ರ‍್ಯಾಂಡಮ್ ಹೌಸ್ ಪ್ರಕಾಶನ ಸಂಸ್ಥೆಯ ಬೆನೆಟ್ ಸರ್ಫ್‌ಗೆ ಅದು ಇಷ್ಟವೂ ಆಗಿತ್ತು. ಅಷ್ಟರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಬಂತು. ಒಂದೇ ವಿಷಯದ ಮೇಲೆ ಎರಡನೇ ಪುಸ್ತಕಕ್ಕೆ ಜಾಗ ಇಲ್ಲ ಅಂತ ಅವಳದನ್ನು ಪಕ್ಕಕ್ಕಿಟ್ಟರು. ಅದು ಅಚ್ಚಾದದ್ದು 2004ರಲ್ಲಿ, ಓಕ್ಲಹೋಮಾ ವಿಶ್ವವಿದ್ಯಾಲಯದ ಪ್ರೆಸ್ಸಿನಿಂದ. 2005ರ ಕೊನೆಯ ದಿನ ಅವಳು ತೀರಿಕೊಂಡಳು. ಸ್ಟೈನ್‌ಬೆಕ್ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಇದು ಅನ್ಯಾಯ ಅಂತಲೇ ಹೇಳುತ್ತೇನೆ. ಅವಳು ಪುಸ್ತಕಕ್ಕಾಗಿ ಕಾದ ವರ್ಷಗಳನ್ನು ಯಾವ ನೊಬೆಲ್ಲೂ ತುಂಬಿಕೊಡುವುದಿಲ್ಲ.

ಅವಳ ಕಾದಂಬರಿಯ ಹೆಸರು 'ಹೂಸ್ ನೇಮ್ಸ್ ಆರ್ ಅನ್‌ನೋನ್'. ಕೂಲಿಗಳನ್ನು ಮನೆ ಬಿಡಿಸುವ ಕೋರ್ಟಿನ ನೋಟಿಸಿನಲ್ಲಿ, ಇವರ ನಿಜವಾದ ಹೆಸರು ತಿಳಿದಿಲ್ಲ ಅಂತ ಬರೆಯುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ನಮ್ಮ ಗೇಟಿಗೆ ಬರುವ ಕಬ್ಬಿನ ಸ್ಲಿಪ್ಪಿನಲ್ಲಿ ರೈತನ ಹೆಸರಿದೆ, ಊರಿದೆ, ತಳಿ ಇದೆ, ಗಾಡಿ ನಂಬರ್ ಇದೆ, ಗ್ಯಾಂಗ್ ನಂಬರ್ ಇದೆ. ಕಡಿದವರ ಹೆಸರಿಗೆ ಕಾಲಂ ಇಲ್ಲ.

ಆ ಕಾದಂಬರಿಯಲ್ಲಿ ಒಬ್ಬ ತಾಯಿ ಧೂಳಿನ ದಿನಗಳನ್ನು ತಾರೀಖು ಹಾಕಿ ಬರೆದಿಡುವ ಅಧ್ಯಾಯ ಇದೆ. ಬಾಬ್‌ಗೆ ಅವಳ ಸ್ವಂತ ತಾಯಿ ಬರೆದ ಪತ್ರಗಳೇ ಅದಕ್ಕೆ ಆಧಾರ. ಸ್ಟೈನ್‌ಬೆಕ್‌ನ ಪುಸ್ತಕ ಓದಿದ ಕೂಡಲೇ ಇದನ್ನು ಓದಿ. ಅವನ ಜೋಡ್ ಕುಟುಂಬ ಊರು ಬಿಟ್ಟು ಹೊರಡುವುದು ಬೇಗ. ಬಾಬ್ ಊರಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾಳೆ, ಬಿತ್ತಿದ್ದು ಹೇಗೆ ಒಣಗಿತು, ಅಂಗಡಿಯವನು ಉದ್ರಿ ಕೊಡುವುದನ್ನು ಯಾವಾಗ ನಿಲ್ಲಿಸಿದ ಅನ್ನುವುದನ್ನೆಲ್ಲ ಹೇಳುತ್ತಾಳೆ. ವಿಜಯಪುರ ಕಡೆಯ ಒಣಬೇಸಾಯ ಗೊತ್ತಿರುವವರಿಗೆ ಆ ಭಾಗ ತುಂಬಾ ಹತ್ತಿರ ಬರುತ್ತದೆ.